ಗರಿಯಿಲ್ಲದ ಹದ್ದು

ಬಿಲ್ಲೆ ಬಳಗದಲ್ಲಿ ಯಾವ ಬಿಲ್ಲೆಯನ್ನೂ ಮೊದಲು ಕಣ್ಣಿಗೆ ತೋರಿಸುವಂತಿಲ್ಲ. ಮೊದಲು ಕೈಗೆ, ಆಮೇಲೆ ಕಣ್ಣಿಗೆ. ಸೈಕಲ್ ಅಂಗಡಿಯ ಮಹಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುವ ಇವರೆಲ್ಲ ಸೈನಿಕರ ಟೋಪಿಯ ಬ್ಯಾಡ್ಜುಗಳನ್ನು ಕೂಡಿಸುವ ಹುಚ್ಚು ಹಿಡಿಸಿಕೊಂಡವರು. ಮೇಜಿನ ಮೇಲೆ ಒಂದು ಹಳೇ ಕಂಬಳಿ ಹಾಸಿರುತ್ತದೆ. ಹೊಸದಾಗಿ ಬಂದ ಬಿಲ್ಲೆ ಆ ಕಂಬಳಿಯ ಕೆಳಗೆ ಕೈಯಿಂದ ಕೈಗೆ ದಾಟುತ್ತಾ ಮೇಜನ್ನು ಒಂದು ಸುತ್ತು ಬರಬೇಕು. ಮುಟ್ಟಿದವರು ‘ಹೌದು’ ಎನ್ನಬೇಕು, ಇಲ್ಲವೇ ‘ಅಲ್ಲ’ ಎನ್ನಬೇಕು. ಕಣ್ಣಿಗೆ ಆಸೆ ಜಾಸ್ತಿ, ಕಂಡದ್ದನ್ನೆಲ್ಲ ನಂಬಿಬಿಡುತ್ತದೆ, ಬೆರಳಿಗೆ ಆ ಚಪಲವಿಲ್ಲ ಎನ್ನುವುದು ಬಳಗದವರ ವಾದ.

ಇನ್ನೂ ಎರಡು ಕಟ್ಟಳೆಗಳಿವೆ. ಒಬ್ಬರ ಬಿಲ್ಲೆಯ ಪಕ್ಕಕ್ಕೆ ಇನ್ನೊಬ್ಬರು ತಮ್ಮ ಬಿಲ್ಲೆಯನ್ನು ಇಟ್ಟು ಹೋಲಿಸಬಾರದು. ನೆಂಟರ ಮನೆಗೆ ಹೋಗಿ ಅವರ ಮಗುವಿನ ಪಕ್ಕ ನಮ್ಮ ಮಗುವನ್ನು ನಿಲ್ಲಿಸಿ ಎತ್ತರ ಅಳೆದಷ್ಟೇ ಅದು ಒರಟುತನ. ಮತ್ತೊಂದು, ಸುಳ್ಳೆಂದು ತೀರ್ಮಾನವಾದ ಬಿಲ್ಲೆಗೆ ಅಲ್ಲೇ, ಎಲ್ಲರೆದುರಿಗೇ, ನಟ್ಟನಡುವೆ ತೂತು ಕೊರೆಯಬೇಕು. ಮತ್ತೆ ಯಾರೂ ಅದನ್ನು ನಿಜವೆಂದು ದಾಟಿಸದಿರಲಿ ಅಂತ. ಬಳಗದಲ್ಲಿ ಅದಕ್ಕೆ ‘ಕಿವಿ ಚುಚ್ಚೋದು’ ಎನ್ನುತ್ತಾರೆ.

ಕಿವಿ ಚುಚ್ಚುವ ಕೆಲಸ ಹಲ್ಲಕ್ಕನದು. ಆಕೆ ಹಲ್ಲಿನ ಡಾಕ್ಟರಲ್ಲ, ಡಾಕ್ಟರುಗಳಿಗೆ ಹಲ್ಲಿನ ಸೆಟ್ಟು ಕಟ್ಟಿಕೊಡುವವಳು. ಊರಿನ ಅರ್ಧ ಮುದುಕರು ನಗುವುದು ಆಕೆಯ ಹಲ್ಲಿನಿಂದಲೇ. ಲೋಹ ಕರಗಿಸುವುದು, ಅಚ್ಚಿಗೆ ಹೊಯ್ಯುವುದು, ಉಜ್ಜುವುದು, ಕೊರೆಯುವುದು ಎಲ್ಲ ದಿನನಿತ್ಯದ ಕೆಲಸವಾದ್ದರಿಂದ ಬಿಲ್ಲೆಯ ವಿಷಯದಲ್ಲಿ ಆಕೆಯ ಮಾತೆಂದರೆ ಮಾತು. ಮೊದಲ ಸಲ ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುವುದೂ ಆಕೆಯೇ.

“ಯುದ್ಧಭೂಮಿಯಿಂದ ಅಗೆದು ತಂದಿದ್ದು ಅಂತ ಯಾರಾದ್ರೂ ಕೊಟ್ರೆ, ಮೊದಲು ಒದ್ದೆ ಬಟ್ಟೇಲಿ ಒರೆಸಿ. ಮಣ್ಣಲ್ಲಿ ಮಲಗಿದ್ದ ಹಿತ್ತಾಳೆಯ ಹಸಿರು ಚರ್ಮದ ಥರ ಅಂಟ್ಕೊಂಡಿರುತ್ತೆ, ಜಪ್ಪಯ್ಯ ಅಂದ್ರೂ ಬಿಡಲ್ಲ. ಆಸಿಡ್ ಕುಡಿಸಿದ ಹಸಿರು ಪೌಡರ್ ಥರ ಬಟ್ಟೆಗೆ ಬರುತ್ತೆ. ಆಮೇಲೆ ಹಿಂದಕ್ಕೆ ತಿರುಗಿಸಿ. ಸೈನ್ಯದ್ದು ಅಚ್ಚು ಒತ್ತಿದ ತಗಡು, ಮುಂದೆ ಎಲ್ಲಿ ಉಬ್ಬಿದೆಯೋ ಹಿಂದೆ ಅಲ್ಲಿ ತಗ್ಗಿರುತ್ತೆ. ಸುಳ್ಳಿನವರು ಎರಕ ಹೊಯ್ತಾರೆ. ಎರಕದಲ್ಲಿ ಸೂಜಿಮೊನೆಯಂಥ ಗುಳ್ಳೆ ಬಿದ್ದಿರುತ್ತೆ. ಅವಸರದಲ್ಲಿ ಮಾಡಿದ ಹಲ್ಲಿನ ಸೆಟ್ಟಲ್ಲೂ ಹಾಗೇ ಬೀಳುತ್ತೆ. ನಾನೇ ಎಷ್ಟು ಬೀಳಿಸಿಲ್ಲ!”

ಇಷ್ಟೆಲ್ಲ ಹೇಳುವ ಹಲ್ಲಕ್ಕನ ಸೀರೆಯ ಸೆರಗಿನೊಳಗೆ, ರವಿಕೆಗೆ ಹೊಲಿಸಿಕೊಂಡ ಪುಟ್ಟ ಜೇಬಿನಲ್ಲಿ ಒಂದು ಬಿಲ್ಲೆಯಿತ್ತು. ಅದನ್ನು ಆಕೆ ಒಮ್ಮೆಯೂ ಒದ್ದೆ ಬಟ್ಟೆಯಲ್ಲಿ ಒರೆಸಿರಲಿಲ್ಲ, ಒಮ್ಮೆಯೂ ಭೂತಗನ್ನಡಿಯ ಕೆಳಗೆ ಇಟ್ಟಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಅದು ರೆಕ್ಕೆ ಬಿಚ್ಚಿದ ಹದ್ದಿನ ಬಿಲ್ಲೆ. ಆಕೆಯ ತಮ್ಮ ಸೇರಿದ್ದ ಪಡೆಯದು. ತಮ್ಮನ ತುಕಡಿ ಒಂದು ಗುಡ್ಡ ಹತ್ತಿದ್ದು ಗೊತ್ತು, ಇಳಿದದ್ದು ಯಾರಿಗೂ ಗೊತ್ತಿಲ್ಲ. ಬಂದದ್ದು ಸುದ್ದಿ ಮಾತ್ರ. ಅವನ ಅಂಗಿಯ ಒಂದು ಗುಂಡಿಯೂ ಬರಲಿಲ್ಲ. ಅವ್ವ ಬಾಗಿಲು ನೋಡುತ್ತಲೇ ಪ್ರಾಣ ಬಿಟ್ಟಳು. ಅದೆಲ್ಲ ಮುಗಿದು ಎಷ್ಟೋ ಕಾಲದ ಮೇಲೆ ಬಳಗದ ಹಿರಿಯರಾದ ‘ಮೇಜರ್’ ಒಂದು ಭಾನುವಾರ ಆಕೆಯ ಅಂಗೈಯಲ್ಲಿ ಈ ಬಿಲ್ಲೆಯನ್ನಿಟ್ಟು ಮುಷ್ಟಿ ಮುಚ್ಚಿದ್ದರು. “ಗುಡ್ಡದ ಕಡೆ ಹೋಗಿ ಬರೋ ಲಾರಿಯವನೊಬ್ಬ ಅಗೆದು ತಂದ. ನಿಮ್ಮ ತಮ್ಮಂದೇ ಅಂತ ನಾನು ಹೇಳಲ್ಲ ತಾಯಿ. ಅಲ್ಲ ಅಂತಲೂ ಹೇಳಲ್ಲ. ಆ ಗುಡ್ಡದ್ದು, ಅಷ್ಟೇ.”

ಭಾನುವಾರದ ಮೇಜಿನಲ್ಲಿ ಕಂಬಳಿಯ ಕೆಳಗೆ ಹೋಗದೆ ನೇರ ಕೈಗೆ ಬಂದ ಬಿಲ್ಲೆ ಅದೊಂದೇ. ಹಲ್ಲಕ್ಕ ಅವತ್ತು ಎಲ್ಲರೆದುರಿಗೆ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಪೇಪರಿನವರು ಬಂದು ಮೇಜರ ಫೋಟೋ ಹಿಡಿದುಕೊಂಡು ಹೋಗಿದ್ದರು.

ಮೇಜರ್ ಎಂದರೆ ಸೈನ್ಯದವರೇನಲ್ಲ. ಬಿಸ್ಕತ್ತಿನ ಗೋದಾಮಿನಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು, ಯುದ್ಧ ಅಂತ ಅವರು ಮಾಡಿದ್ದರೆ ಇಲಿಗಳ ಜೊತೆ. ಆದರೆ ಮೀಸೆ, ನಡಿಗೆ, ಗಂಟಲು ಎಲ್ಲ ಮೇಜರದೇ. ಹಾಗೆ ಕೊಟ್ಟದ್ದಕ್ಕೆ ಅವರು ಬಿಡಿಗಾಸು ತೆಗೆದುಕೊಳ್ಳುತ್ತಿರಲಿಲ್ಲ. ದುಡ್ಡು ಮುಟ್ಟದವನ ಮೇಲೆ ಅನುಮಾನಪಡಲು ಯಾರಿಗೂ ನಾಲಿಗೆ ಬರುವುದಿಲ್ಲ, ನೋಡಿ. ದುಡ್ಡಿಗಿಂತ ರುಚಿಯಾದದ್ದು ಲೋಕದಲ್ಲಿ ಇನ್ನೇನೋ ಇದೆ ಎಂದು ಯಾರಿಗೂ ಹೊಳೆಯಲಿಲ್ಲ.

ಆ ಹದ್ದಿನ ಎಡರೆಕ್ಕೆಯ ಅಂಚಿನಲ್ಲಿ ಒಂದು ಕಚ್ಚು ಇತ್ತು. ಕಲ್ಲಿನ ಮೇಲೆ ಬಿದ್ದಾಗ ಆಗಿರಬೇಕು ಎಂದು ಹಲ್ಲಕ್ಕ ಅಂದುಕೊಂಡಿದ್ದಳು. ಹಲ್ಲು ಉಜ್ಜುತ್ತಾ ನಿಂತಾಗ, ಬಸ್ಸಿಗೆ ಕಾಯುವಾಗ, ಡಾಕ್ಟರುಗಳು ಫೋನಿನಲ್ಲಿ ರೇಗುವಾಗ ಆಕೆಯ ಹೆಬ್ಬೆರಳು ತಾನಾಗಿ ಜೇಬಿಗಿಳಿದು ಆ ಕಚ್ಚಿನಲ್ಲಿ ಕೂರುತ್ತಿತ್ತು. ತಮ್ಮ ಬಿದ್ದ ಜಾಗವನ್ನು ಸವರಿದಂತೆ ಆಕೆಗೆ ಅನ್ನಿಸುತ್ತಿತ್ತು. ಅಷ್ಟರಿಂದಲೇ ಆಕೆ ಬದುಕಿನಲ್ಲಿ ಎಷ್ಟೋ ಕಷ್ಟ ದಾಟಿದ್ದಳು, ಸುಳ್ಳೇಕೆ ಹೇಳಬೇಕು.

ಈ ಭಾನುವಾರ ಬಳಗಕ್ಕೆ ಲಾಂಡ್ರಿಯಮ್ಮ ಬಂದಿದ್ದಳು. ಬಸ್ ನಿಲ್ದಾಣದ ಹಿಂದೆ ಲಾಂಡ್ರಿ ನಡೆಸುವ, ಇಸ್ತ್ರಿಯ ಶಾಖಕ್ಕೆ ಮುಂಗೈ ಕಪ್ಪಾದ ಹೆಂಗಸು. ಆಕೆಯ ಮಗನೂ ಅದೇ ಹದ್ದಿನ ಪಡೆಯವನು, ಅದೇ ಗುಡ್ಡ ಹತ್ತಿದವನು. ಮೇಜರೇ ಹುಡುಕಿಕೊಂಡು ಹೋಗಿ ಆಕೆಯನ್ನು ಕರೆತಂದಿದ್ದರು. ಆಕೆ ಗಂಜಿ ಹಾಕಿದ ಸೀರೆ ಉಟ್ಟು, ಕುರ್ಚಿಯ ತುದಿಯಲ್ಲಿ, ಯಾರೋ ಎಬ್ಬಿಸಬಹುದು ಎನ್ನುವಂತೆ ಕೂತಿದ್ದಳು. ಬಾಗಿಲ ಹತ್ತಿರ ಪೇಪರಿನವನು ಕ್ಯಾಮೆರಾ ಒರೆಸುತ್ತಿದ್ದ.

ಮೇಜರ್ ಎದ್ದು ನಿಂತರು. “ನಿಮ್ಮ ಮಗಂದೇ ಅಂತ ನಾನು ಹೇಳಲ್ಲ ತಾಯಿ. ಅಲ್ಲ ಅಂತಲೂ ಹೇಳಲ್ಲ...”

ಹಲ್ಲಕ್ಕನಿಗೆ ಒಂಥರಾ ಆಯಿತು. ಅದೇ ಮಾತು, ಅದೇ ಏರಿಳಿತ, ‘ತಾಯಿ’ ಅನ್ನುವಲ್ಲಿ ಅದೇ ಗದ್ಗದ. ಇರಲಿ, ಒಳ್ಳೇ ಮಾತನ್ನು ಎರಡು ಸಲ ಆಡಿದರೆ ಹಾಳೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೇಜರ್ ಬಿಲ್ಲೆಯನ್ನು ನೇರ ಲಾಂಡ್ರಿಯಮ್ಮನ ಕೈಗೇ ಇಡಲಿದ್ದರು. ಆದರೆ ಬಳಗದ ಗಡಿಯಾರ ರಿಪೇರಿಯವರು ಕಟ್ಟಳೆಯ ಮನುಷ್ಯ. “ಮೇಜರ್ ಸಾಹೇಬ್ರೆ, ಕಂಬಳಿ ಸುತ್ತು ಬರ್ಲಿ. ಪೇಪರಿನವರೂ ಇದ್ದಾರೆ, ನಮ್ಮ ಪದ್ಧತಿ ನೋಡ್ಲಿ,” ಎಂದರು. ಕ್ಯಾಮೆರಾ ಎಂದ ಮೇಲೆ ಮೇಜರಿಗೆ ಇಲ್ಲವೆನ್ನಲಾಗಲಿಲ್ಲ.

ಬಿಲ್ಲೆ ಕಂಬಳಿಯ ಕೆಳಗೆ ಹೊರಟಿತು. ಗಡಿಯಾರದವರು ‘ಹೌದು’ ಎಂದರು. ಡ್ರಾಯಿಂಗ್ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ‘ಹೌದು’ ಎಂದರು, ಅವರು ಯಾವತ್ತೂ ಹೌದೆನ್ನುವವರೇ. ಹಲ್ಲಕ್ಕನ ಕೈಗೆ ಬಂತು. ತಣ್ಣಗಿತ್ತು. ಹದ್ದಿನ ಕೊಕ್ಕು ಸಿಕ್ಕಿತು, ಕತ್ತು ಸಿಕ್ಕಿತು. ಹೆಬ್ಬೆರಳು ಎಡರೆಕ್ಕೆಯ ಮೇಲೆ ಜಾರಿ, ದಾರಿ ಗೊತ್ತಿರುವ ದನದಂತೆ ತಾನಾಗಿ ಹೋಗಿ ಒಂದು ಕಚ್ಚಿನಲ್ಲಿ ಕೂತಿತು.

ತನ್ನ ಜೇಬಿನದು ಜಾರಿ ಬಿದ್ದು ಸೇರಿಕೊಂಡಿತೇ ಎಂದು ಇನ್ನೊಂದು ಕೈಯಿಂದ ಮುಟ್ಟಿ ನೋಡಿಕೊಂಡಳು. ಅದು ಅಲ್ಲೇ ಇತ್ತು. ಬಲಗೈಯಲ್ಲಿ ಒಂದು ಹದ್ದು, ಎಡಗೈಯಲ್ಲಿ ಒಂದು ಹದ್ದು. ಎರಡರ ರೆಕ್ಕೆಯಲ್ಲೂ ಅದೇ ಕಚ್ಚು, ಅದೇ ಆಳ, ಕೆಳಗಿನ ತುದಿಯಲ್ಲಿ ಅದೇ ಕೊಕ್ಕೆ. ಇಬ್ಬರು ಹುಡುಗರು ಒಂದೇ ಗುಡ್ಡದಲ್ಲಿ ಸಾಯಬಹುದು. ಒಂದೇ ಕಲ್ಲಿನ ಮೇಲೆ, ಒಂದೇ ಓರೆಯಲ್ಲಿ, ಒಂದೇ ಕೂದಲೆಳೆಯಷ್ಟು ಆಳಕ್ಕೆ ಬೀಳಲಾರರು. ಯಾವುದೋ ಒಂದು ನಿಜವಾದ ಬಿಲ್ಲೆ ಎಲ್ಲೋ ಪೆಟ್ಟು ತಿಂದಿತ್ತು. ಅದರಿಂದ ಅಚ್ಚು ತೆಗೆದವನು ಆ ಪೆಟ್ಟನ್ನೂ ಅಚ್ಚಿಗಿಳಿಸಿದ್ದ. ಬಾಯಿಯ ಅಚ್ಚು ತೆಗೆದಾಗ ಮುರಿದ ಹಲ್ಲೂ ಅಚ್ಚಿನಲ್ಲಿ ಬರುವುದನ್ನು ದಿನವೂ ಕಾಣುವ ಹಲ್ಲಕ್ಕನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

‘ಹೌದು’ ಎಂದರೆ ಆಯಿತು. ಮುಂದಿನವರ ಕೈಗೆ ದಾಟಿಸಿದರೆ ಆಯಿತು. ಲಾಂಡ್ರಿಯಮ್ಮ ಅತ್ತು ಹಗುರಾಗುತ್ತಾಳೆ, ಹಲ್ಲಕ್ಕನ ಜೇಬಿನ ತಮ್ಮ ಜೇಬಿನಲ್ಲೇ ಇರುತ್ತಾನೆ. ‘ಅಲ್ಲ’ ಎಂದರೆ ಒಂದು ಬಿಲ್ಲೆಗಲ್ಲ, ಎರಡಕ್ಕೂ ಅಲ್ಲವೆಂದಂತೆ. ತಮ್ಮನನ್ನು ಎರಡನೇ ಸಲ, ತನ್ನ ಕೈಯಾರೆ, ಕಳೆದುಕೊಳ್ಳಬೇಕು. ಬಿಲ್ಲೆ ಹಲ್ಲಕ್ಕನ ಕೈಯಲ್ಲೇ ಉಳಿಯಿತು.

“ಏನಕ್ಕಾ, ನಿದ್ದೆಯಾ?” ಎಂದರು ಡ್ರಾಯಿಂಗ್ ಮೇಷ್ಟ್ರು. ಒಬ್ಬಿಬ್ಬರು ನಕ್ಕರು.

ಆ ನಗೆಯಲ್ಲಿ ಹಲ್ಲಕ್ಕನ ಕಣ್ಣು ಲಾಂಡ್ರಿಯಮ್ಮನ ಮೇಲೆ ಬಿತ್ತು. ಆ ಹೆಂಗಸು ಎರಡೂ ಅಂಗೈ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಅವತ್ತು ತಾನೂ ಹೀಗೇ ಕೂತಿದ್ದೆ ಎಂದು ಹಲ್ಲಕ್ಕನಿಗೆ ನೆನಪಾಯಿತು. ಪಕ್ಕದಲ್ಲಿ ಮೇಜರ್ ಮೀಸೆ ಸರಿಮಾಡಿಕೊಳ್ಳುತ್ತಾ ಆ ಅಂಗೈಗಳನ್ನು ನೋಡುತ್ತಿದ್ದರು, ಹಸಿದವನು ಬಡಿಸುವ ಕೈಯನ್ನು ನೋಡುವಂತೆ. ಅದನ್ನು ಕಂಡ ಗಳಿಗೆ ಆಕೆಗೆ ಬಂದದ್ದು ದುಃಖವಲ್ಲ, ಕೆಂಡದಂಥ ಸಿಟ್ಟು.

“ಅಲ್ಲ,” ಎಂದಳು.

ಗಡಿಯಾರದವರು ಬಾಗಿ ಆಕೆಯ ಕಿವಿಯಲ್ಲಿ ಪಿಸುಗುಟ್ಟಿದರು, “ಅಕ್ಕಾ, ನಿಮಗೆ ಕೈಮುಗೀತೀನಿ. ಆ ತಾಯಿ ಮುಖ ನೋಡಿ. ಸುಳ್ಳಾದ್ರೇನು, ನೆಮ್ಮದಿ ತಾನೆ? ಒಂದು ‘ಹೌದು’ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಅದನ್ನೇ ತೋರಿಸ್ತೀನಿ, ಏನು ಹೋಗುತ್ತೆ ಅಂತ,” ಎಂದು ಹಲ್ಲಕ್ಕ ಎದ್ದಳು. ಕಂಬಳಿಯ ಕೆಳಗಿನ ಬಿಲ್ಲೆಯನ್ನು ಮೇಲೆ ತಂದು ಮೇಜಿನ ಮೇಲಿಟ್ಟಳು. ಆಮೇಲೆ ರವಿಕೆಯ ಜೇಬಿಗೆ ಕೈ ಹಾಕಿ, ತನ್ನದನ್ನು ತೆಗೆದು, ಅದರ ಪಕ್ಕಕ್ಕೇ ಇಟ್ಟಳು.

ಮೇಜಿನ ಸುತ್ತ ಇದ್ದವರೆಲ್ಲ ಬೆಚ್ಚಿ ಬಿದ್ದರು. ಬಳಗ ಹುಟ್ಟಿದಾಗಿನಿಂದ ಯಾರೂ ಹಾಗೆ ಇಟ್ಟಿರಲಿಲ್ಲ. “ಇದು ಯಾವ ಸೀಮೆ ಮರ್ಯಾದೆ!” ಎಂದು ಡ್ರಾಯಿಂಗ್ ಮೇಷ್ಟ್ರು ಗೊಣಗಿದರು. ಆದರೆ ಅವರ ಕತ್ತು ಮಾತ್ರ ಎಲ್ಲರಿಗಿಂತ ಮೊದಲು ಮುಂದಕ್ಕೆ ಚಾಚಿತ್ತು.

“ನೋಡಿ ಮೇಷ್ಟ್ರೆ. ನಿಮಗೆ ಗೆರೆ ಗೊತ್ತಲ್ಲ. ಎಡರೆಕ್ಕೆ ಕಚ್ಚು ನೋಡಿ.”

ಮೇಷ್ಟ್ರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರ ಮುಖ ಇಳಿಯಿತು.

ಮೇಜರ್ ಬಡಪೆಟ್ಟಿಗೆ ಬಗ್ಗುವ ಆಸಾಮಿಯಲ್ಲ. “ಒಂದೇ ಅಚ್ಚಲ್ಲಿ ಒತ್ತಿದ್ದು ಒಂದೇ ಥರ ಇರದೆ ಇನ್ನೆಂಗಿರುತ್ತೆ? ಅಚ್ಚೇ ಬಿರುಕು ಬಿಟ್ಟಿರಬೇಕು,” ಎಂದರು ನಗುತ್ತಾ.

“ಅಚ್ಚು ಬಿರುಕು ಬಿಟ್ರೆ ಆ ಬಿರುಕೊಳಗೆ ತಗಡು ನುಗ್ಗಿ ಬಿಲ್ಲೆ ಮೇಲೆ ಉಬ್ಬು ಬರುತ್ತೆ ಸಾಹೇಬ್ರೆ. ಇದು ಕಚ್ಚು, ಒಳಕ್ಕೆ ಹೋಗಿದೆ. ಹಿಂದಕ್ಕೆ ತಿರುಗಿಸ್ತೀನಿ, ಗುಳ್ಳೆ ನೋಡಿ. ಒದ್ದೆ ಬಟ್ಟೆ ಕೊಡಿ ಯಾರಾದ್ರೂ.”

ಯಾರೂ ಕೊಡಲಿಲ್ಲ. ಹಲ್ಲಕ್ಕ ತನ್ನ ಸೆರಗಿನ ತುದಿಯನ್ನು ಚಹಾದ ಪಕ್ಕದಲ್ಲಿದ್ದ ನೀರಿನ ಲೋಟಕ್ಕೆ ಅದ್ದಿ ಎರಡು ಬಿಲ್ಲೆಗಳನ್ನೂ ಒರೆಸಿದಳು. ಸೆರಗು ಹಸಿರಾಯಿತು. ಇಷ್ಟು ಸುಲಭದ ಕೆಲಸವನ್ನು ಇಷ್ಟು ವರ್ಷ ಮಾಡದೆ ಉಳಿದೆನಲ್ಲ ಎಂದು ಆಕೆಗೆ ತನ್ನ ಮೇಲೇ ಅಸಹ್ಯವಾಯಿತು.

ಆಗ ಬಾಯಿಬಿಟ್ಟದ್ದು ಲಾಂಡ್ರಿಯಮ್ಮ. ಹರಿಹಾಯ್ದದ್ದು ಮೇಜರ ಮೇಲಲ್ಲ, ಹಲ್ಲಕ್ಕನ ಮೇಲೆ. “ನಿಮಗೇನು ಕಷ್ಟ ಆಗಿತ್ತಮ್ಮ ಸುಮ್ನಿರೋಕೆ? ಬರಿಗೈಲಿ ಬಂದಿದ್ದೆ, ಒಂದು ಚೂರು ಹಿಡ್ಕೊಂಡು ಹೋಗ್ತಿದ್ದೆ. ಕೈಗೆ ಬಂದದ್ದು ಬಾಯಿಗೆ ಬರದ ಹಾಗೆ ಮಾಡಿಬಿಟ್ರಲ್ಲ! ನಿಮಗೆ ಮಕ್ಕಳು ಹೋಗಿದ್ರೆ ಗೊತ್ತಾಗ್ತಿತ್ತು.”

“ಮಕ್ಕಳಿಲ್ಲ. ಹೋದವನು ತಮ್ಮ,” ಎಂದಳು ಹಲ್ಲಕ್ಕ. “ನಿಮ್ಮ ಮಗ ಹತ್ತಿದ ಗುಡ್ಡಾನೇ. ಈ ಹದ್ದನ್ನ ನನಗೂ ಹೀಗೇ ಕೊಟ್ರು, ಇದೇ ಮಾತು ಹೇಳಿ. ನನ್ನ ತಮ್ಮ ರಜೆಗೆ ಬಂದಾಗೆಲ್ಲ ನನ್ನ ಕೆಲಸದ ಕೋಣೆಗೆ ನುಗ್ಗಿ ಹಲ್ಲು ಪಾಲಿಶ್ ಮಾಡೋ ಪುಡಿ ಕದೀತಿದ್ದ. ಅದರಲ್ಲಿ ಟೋಪಿ ಬಿಲ್ಲೆ ಉಜ್ಜಿ ಉಜ್ಜಿ ಹದ್ದಿನ ಗರಿಯೆಲ್ಲ ಸವೆದು ನುಣ್ಣಗಾಗಿತ್ತು. ‘ಅಕ್ಕಾ, ನಮ್ಮ ಪಡೇಲಿ ಬೋಳು ಹದ್ದು ಇರೋದು ನನಗೊಬ್ಬನಿಗೇ, ಸಾಹೇಬ್ರು ಬೈತಾರೆ’ ಅಂತ ನಗ್ತಿದ್ದ. ಇಲ್ಲಿ ನೋಡಿ, ಒಂದೊಂದು ಗರಿಯೂ ಎಣಿಸೋ ಹಾಗಿದೆ. ಕೊಟ್ಟ ದಿನವೇ ನಾನು ನೋಡ್ದೆ. ನೋಡಿಯೂ, ಅವನಿಗೆ ಹೊಸದು ಕೊಟ್ಟಿದ್ರೇನೋ ಅಂದ್ಕೊಂಡೆ. ನನ್ನ ತಮ್ಮನ ಹದ್ದಿಗೆ ಗರಿ ಇರಲಿಲ್ಲಮ್ಮ! ಇವರ ಹದ್ದಿನ ಗರಿ ಸವರ್ತಾ ಸವರ್ತಾ ಅವನ ಬೋಳು ಹದ್ದನ್ನೇ ಮರೆತಿದ್ದೆ. ಅವನ ಆ ಮಾತು ನನ್ನ ಬಾಯಿಗೆ ಬಂದು ಎಷ್ಟು ಕಾಲ ಆಗಿತ್ತು ಗೊತ್ತಾ? ನಿಮ್ಮ ಮಗನ ಜಾಗದಲ್ಲೂ ಬಂದು ಇದೇ ಕೂತ್ಕೊಳ್ಳುತ್ತೆ. ಅದಕ್ಕೇ ಅಲ್ಲ ಅಂದೆ.”

ಲಾಂಡ್ರಿಯಮ್ಮನ ಬಿಚ್ಚಿದ್ದ ಅಂಗೈಗಳು ನಿಧಾನಕ್ಕೆ ಮುಚ್ಚಿದವು.

ಹಲ್ಲಕ್ಕ ಗೋಡೆಯ ಬೀರುವಿನಿಂದ ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್ ತೆಗೆದಳು. ಅದೂ ಬಳಗಕ್ಕೆ ಆಕೆಯೇ ಕೊಟ್ಟದ್ದು. ತನ್ನ ಬಿಲ್ಲೆಯನ್ನು ಮರದ ತುಂಡಿನ ಮೇಲಿಟ್ಟು ಹದ್ದಿನ ಎದೆಗೆ ಮೊನೆ ಕೊಟ್ಟಳು.

“ತಾಯಿ, ನಾನು ಮಾಡಿದ್ದು ಒಳ್ಳೇದಕ್ಕೇ,” ಎಂದರು ಮೇಜರ್. ಗಂಟಲಿನಲ್ಲಿ ಮೇಜರ್ ಇರಲಿಲ್ಲ. “ನಿಮ್ಮಿಂದ ಏನಾದ್ರೂ ತಗೊಂಡ್ನಾ ನಾನು?”

“ತಗೊಂಡ್ರಿ. ಬಾಯ್ತುಂಬ ನನ್ನ ಅಳು ತಗೊಂಡ್ರಿ. ಅದು ನನ್ನ ತಮ್ಮನಿಗೆ ಇಟ್ಕೊಂಡಿದ್ದು.”

ಹಲ್ಲು ಕಚ್ಚಿ ಹಿಡಿ ತಿರುಗಿಸಿದಳು. ಎರಕದ ಹಿತ್ತಾಳೆ ಕಿರುಗುಟ್ಟಿತು, ಹಳದಿ ಪುಡಿ ಕಂಬಳಿಯ ಮೇಲೆ ಉದುರಿತು. ಹೆಬ್ಬೆರಳು ಒಮ್ಮೆ ಅಭ್ಯಾಸ ಬಲದಿಂದ ಕಚ್ಚನ್ನು ಹುಡುಕಿ ಹೋಯಿತು. ಆಕೆ ಅದನ್ನು ಎಳೆದುಕೊಂಡಳು. ಕಣ್ಣೀರು ಮೂಗಿನ ತುದಿಗೆ ಬಂದು ನಿಂತಿತ್ತು, ಒರೆಸಲು ಕೈ ಬಿಡುವಿರಲಿಲ್ಲ. ಮೊನೆ ಆಚೆ ಬಂತು.

ಆಮೇಲೆ ಇನ್ನೊಂದಕ್ಕೆ ಕೈ ಚಾಚಿದಳು. ಅಷ್ಟರಲ್ಲಿ ಮೇಜರ್ ಅದನ್ನೆತ್ತಿ ಮುಷ್ಟಿಯಲ್ಲಿ ಹಿಡಿದಿದ್ದರು. “ಇದು ನನ್ನ ಬಿಲ್ಲೆ. ಚುಚ್ಚೋಕೆ ಬಿಡಲ್ಲ.”

“ಯಾರದ್ದು?” ಎಂದಳು ಲಾಂಡ್ರಿಯಮ್ಮ ಎದ್ದು. “ಈಗ ತಾನೆ ನನ್ನ ಮಗಂದು ಅಂದ್ರಿ. ಕೊಡಿ ಇಲ್ಲಿ.”

“ನಾನು ಹಾಗನ್ನಲಿಲ್ಲ ತಾಯಿ, ನಾನು ಹೇಳಿದ್ದು...”

“ಅಲ್ಲ ಅಂತಲೂ ಅನ್ನಲಿಲ್ಲವಲ್ಲ. ಕೊಡಿ.” ಒದ್ದೆ ಬಟ್ಟೆ ಹಿಂಡಿ ಹಿಂಡಿ ಗಟ್ಟಿಯಾದ ಬೆರಳುಗಳು ಮೇಜರ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವು. ಪೇಪರಿನವನು ಕ್ಯಾಮೆರಾ ಎತ್ತಿದ. ಈ ಫೋಟೋ ಬೇಕಿತ್ತೋ ಇಲ್ಲವೋ ಎಂದು ತಿಳಿಯದೆ ಮೇಜರ್ ಮುಖ ಆಚೆಗೆ ತಿರುಗಿಸಿದರು.

ಹಲ್ಲಕ್ಕ ಡ್ರಿಲ್ ಎತ್ತಿಕೊಳ್ಳಹೋದಳು. ಲಾಂಡ್ರಿಯಮ್ಮ ತಲೆಯಲ್ಲಾಡಿಸಿದಳು. “ನೀವು ನಿಮ್ಮದನ್ನ ಚುಚ್ಚಿಕೊಂಡ್ರಿ. ನನ್ನದನ್ನ ನಾನೇ ಚುಚ್ತೀನಿ. ಹೇಗೆ ಹಿಡಿಯೋದು ತೋರಿಸಿ ಸಾಕು.”

ಮೊದಲು ಮೊನೆ ಜಾರಿ ಹದ್ದಿನ ಕತ್ತು ಗೀರಿತು. “ಮೇಲಿಂದ ಒತ್ತಿ, ಅವಸರ ಬೇಡ,” ಎಂದಳು ಹಲ್ಲಕ್ಕ. ಲಾಂಡ್ರಿಯಮ್ಮ ಒತ್ತಿ ತಿರುಗಿಸಿದಳು. ಕೊರೆದು ಮುಗಿದಾಗ ಗಡಿಯಾರದವರು ಎದ್ದು, ತಮ್ಮ ಚೀಲದಿಂದ ಒಂದು ಡಬ್ಬಿ ತೆಗೆದು, ಹತ್ತಿಯೊಳಗಿಂದ ಒಂದು ಬಿಲ್ಲೆಯನ್ನು ಹೊರತೆಗೆದರು. ಅದೂ ಹದ್ದೇ. ‘ಗುಡ್ಡದ್ದು’ ಎಂದು ಮೇಜರೇ ಅವರ ಅಂಗಡಿಗೆ ಹೋಗಿ ಉಡುಗೊರೆ ಕೊಟ್ಟದ್ದು. ಅವರು ಎಡರೆಕ್ಕೆಯನ್ನು ಒಂದು ಸಲ ಸವರಿ ನೋಡಿ, ಅದನ್ನು ಮರದ ತುಂಡಿನ ಪಕ್ಕದಲ್ಲಿಟ್ಟರು. ಮೇಜರ್ ತಮ್ಮ ಊರುಗೋಲು ಹುಡುಕತೊಡಗಿದರು.

ಇಬ್ಬರು ಹೆಂಗಸರೂ ಮರದ ಮೆಟ್ಟಿಲಿಳಿದು ಸೈಕಲ್ ಅಂಗಡಿಯ ಮುಂದೆ ನಿಂತರು. ಬಿಸಿಲು ಇನ್ನೂ ಚುರುಕಾಗಿತ್ತು. ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು.

“ಬೋಳು ಹದ್ದು!” ಎಂದು ಲಾಂಡ್ರಿಯಮ್ಮ ಒಮ್ಮೆಲೇ ನಕ್ಕುಬಿಟ್ಟಳು. ಹಲ್ಲಕ್ಕನಿಗೂ ತಡೆಯಲಾಗಲಿಲ್ಲ. ತಮ್ಮನ ನಗು ಹೇಗಿತ್ತೆಂದು ಆ ನಗುವಿನ ನಡುವೆ ಸರಿಯಾಗಿ ನೆನಪಿಗೆ ಬಂತು, ಮೇಲಿನ ಹಲ್ಲೊಂದು ಸ್ವಲ್ಪ ಸೊಟ್ಟ.

“ನನ್ನ ಮಗ ನಿಮ್ಮ ತಮ್ಮನ ಥರ ಉಜ್ಜೋ ಪೈಕಿ ಅಲ್ಲ,” ಎಂದಳು ಲಾಂಡ್ರಿಯಮ್ಮ ಕಣ್ಣೊರೆಸಿಕೊಳ್ಳುತ್ತಾ. “ಭಾರೀ ಸೋಮಾರಿ. ಒಂದು ಹಳೇ ಟೋಪಿ ಒಗೆಯೋಕೆ ಅಂತ ಮನೇಲಿ ಬಿಟ್ಟು ಹೋಗಿದ್ದ. ಬಿಲ್ಲೆ ಕಿತ್ಕೊಂಡು ಹೊಸ ಟೋಪಿಗೆ ಹಾಕ್ಕೊಂಡಿದ್ದ. ಟೋಪೀಲಿ ಈಗ ಬಿಲ್ಲೆ ಸಿಕ್ಕಿಸಿದ್ದ ಎರಡು ತೂತು ಮಾತ್ರ ಇದೆ. ಸುತ್ತಾ ಬಣ್ಣ ಮಾಸಿದೆ, ಬಿಲ್ಲೆ ಇದ್ದ ಕಡೆ ಮಾತ್ರ ಮಾಸಿಲ್ಲ, ಹದ್ದಿನ ಆಕಾರ ಹಾಗೇ ಉಳಿದಿದೆ. ಅದನ್ನ ನಾನು ಯಾರಿಗೂ ತೋರಿಸಿಲ್ಲ. ಬರೀ ತೂತು, ಯಾರಿಗೆ ಏನಂತ ತೋರ್ಸೋದು?”

ಹಲ್ಲಕ್ಕ ಆಕೆಯ ಮುಂಗೈ ಹಿಡಿದುಕೊಂಡಳು. “ಮುಂದಿನ ಭಾನುವಾರ ತನ್ನಿ. ಕಂಬಳಿ ಕೆಳಗೆ ಇಡೋಣ.”

“ಒಳಗೆ ಬಿಡ್ತಾರಾ? ಕೋಣೆ ಬೀಗದಕೈ ಆ ಮೇಜರ ಹತ್ರ ಇದೆ, ಬರುವಾಗ ಅವರೇ ಬೀಗ ತೆಗೆದ್ರಲ್ಲ.”

“ಬೀಗ ಹಾಕಿದ್ರೆ ಇಲ್ಲೇ ಬೀದೀಲಿ ಕಂಬಳಿ ಹಾಸ್ತೀನಿ. ನೀವು ಟೋಪಿ ತನ್ನಿ. ಆ ಎರಡು ತೂತಿಗೆ ಬೆರಳು ಹಾಕಿ ‘ಅಲ್ಲ’ ಅನ್ನೋ ಗಂಡು ಯಾವನಿದ್ದಾನೆ, ನಾನೂ ನೋಡ್ತೀನಿ.”